ಶೈಲಾಳ ಕೈಯ ಮೇಲೆ ಹೊರಿಸಿದ್ದು

ಶೈಲಾ, ಆ ವರ್ಷ ದ್ರಾಕ್ಷಿರಸ ಹುದುಗದೆ ಕೆಟ್ಟದ್ದು ನಿನ್ನ ಕೈಯಿಂದಲ್ಲ, ನನ್ನಿಂದ. ಕಳ್ಳತನದಿಂದ ತೋಟಕ್ಕೆ ಔಷಧಿ ಹೊಡೆದವನು ನಾನು. ಅದು ಗೊತ್ತಿದ್ದೂ ನಿನ್ನ ಕೈಗುಣದ ಮೇಲೆ ತಪ್ಪು ಹೊರಿಸಿದವನೂ ನಾನೇ.

ಮಾವನೆಂದು ಇಷ್ಟು ವರ್ಷ ನೀನು ಮರ್ಯಾದೆ ಕೊಟ್ಟ ಮನುಷ್ಯ ಇಂಥವನು. ಇದನ್ನು ಮೊದಲೇ ಬರೆದುಬಿಟ್ಟೆ — ಸುತ್ತಿ ಬಳಸಿ ಹೇಳಹೊರಟರೆ ನಡುವೆ ಎಲ್ಲಾದರೂ ನಿಂತುಬಿಡುತ್ತೇನೆಂಬ ಅಂಜಿಕೆ.

ಖಾನಾಪುರದ ನಮ್ಮ ಇಳಿಜಾರಿನ ಹೊಲದಲ್ಲಿ ವಿಷದ ಔಷಧಿ ಮುಟ್ಟಿಸದೆ ದ್ರಾಕ್ಷಿ ಬೆಳೆದು, ನೊರೆಯುಕ್ಕುವ ವೈನ್ ಮಾಡುತ್ತೇವೆಂದು ನೀನೂ ನನ್ನ ಮಗ ಬಸವರಾಜನೂ ಹೊರಟಾಗ ನಾನು ನಕ್ಕಿದ್ದೆ. ಹಸುವಿನ ಕೊಂಬಿನೊಳಗೆ ಸಗಣಿ ತುಂಬಿ ನೆಲದಲ್ಲಿ ಹುಗಿಯುವುದು, ಚಳಿಗಾಲ ಕಳೆದ ಮೇಲೆ ತೆಗೆದು ನೀರಿನಲ್ಲಿ ತಿರುವಿ ತಿರುವಿ ಬಳ್ಳಿಗಳ ಬುಡಕ್ಕೆ ಚಿಮುಕಿಸುವುದು, ಚಂದ್ರನನ್ನು ನೋಡಿ ಕೆಲಸ ಹಿಡಿಯುವುದು...

"ಏನವ್ವಾ, ಕೊಂಬು ಹುಗದ್ರ ಎಮ್ಮಿ ಹುಟ್ಟತಾವೇನು?" ಎಂದು ಕೆಣಕಿದೆ.

"ಹುಟ್ಟಿದ್ರ ಹಾಲು ನಿಮಗರೀ ಮಾವಾರ. ಹಿಂಡೋದೂ ನೀವ!" ಎಂದೆ ನೀನು.

ಮುಂದೆ ಕೊಂಬು ತುಂಬಲು ನಿನ್ನ ಪಕ್ಕ ನಾನೇ ಕುಳಿತೆ. ಬಂದ ಅತಿಥಿಗಳಿಗೆ ಅದರ ಕಥೆ ಹೇಳುವವನೂ ನಾನೇ ಆದೆ. ಆದರೆ ನಂಬಿದ್ದೆನೇ? ಬಾಯಿ ನಂಬಿತ್ತು — ಅಷ್ಟೇ.

ಆ ವರ್ಷ ಹಣ್ಣು ಕೊಯ್ಲಿಗೆ ಹತ್ತಿರವಾದಾಗ ಅಕಾಲದ ಮೋಡ ಕವಿಯಿತು. ಗೊಂಚಲುಗಳ ಮೇಲೆ ಅಲ್ಲಲ್ಲಿ ಬೂದಿರೋಗ ಕಾಣಿಸಿತು. ನಾನು ಚಡಪಡಿಸಿದೆ. ನೀನು ಚಡಪಡಿಸಲಿಲ್ಲ.

"ಗಾಳಿ ಆಡ್ಲಿ ಅಂತ ಎಲಿ ತಗಸೇನ್ರಿ ಮಾವಾರ. ಹೋದ್ರ ಒಂದೀಟು ಹೋಗತೈತಿ, ಹೋಗ್ಲಿ."

ಆ 'ಒಂದೀಟು' ನನ್ನಿಂದ ತಡೆಯಲಾಗಲಿಲ್ಲ. ನೀವೆಲ್ಲ ಬೆಳಗಾವಿಯ ಕ್ಯಾಂಪ್ ಬಡಾವಣೆಗೆ ಮದುವೆಗೆಂದು ಹೋದ ದಿನ ಮೊಣಕಾಲು ನೋವೆಂದು ಸುಳ್ಳು ಹೇಳಿ ಉಳಿದೆ. ಔಷಧಿಯ ಡಬ್ಬಿ ಮೊದಲೇ ತಂದು ಬಚ್ಚಿಟ್ಟಿದ್ದೆ. ಅಂಗಡಿಯವನು ಎಚ್ಚರಿಸಿದ್ದ: "ಕಾಕಾ, ಕೊಯ್ಲು ಹತ್ರ ಇದ್ರ ಹೊಡಿಬ್ಯಾಡ್ರಿ. ಹಣ್ಣಿಗೆ ಕಚ್ಚಿ ಕುಂದರತೈತಿ ಇದು." ಕೇಳಿಸಿಕೊಂಡಿದ್ದೆ. ಆದರೂ ಬೆನ್ನಿಗೆ ಪಂಪು ಕಟ್ಟಿಕೊಂಡು ಮಟಮಟ ಮಧ್ಯಾಹ್ನ ಸಾಲು ಸಾಲಾಗಿ ಹೊಡೆದೆ. ಸಂಜೆ ನೀನು ಮದುವೆಯ ಸೀರೆಯನ್ನೂ ಬದಲಿಸದೆ, ನನ್ನ ಮೊಣಕಾಲಿಗೆಂದು ಎಣ್ಣೆ ಬಿಸಿ ಮಾಡಿ ತಂದೆ.

ತಿಕ್ಕಿಸಿಕೊಂಡೆ.

ಕೊಯ್ಲಾಯಿತು. ಎಂದಿನಂತೆ ನೀನು ಒಂದು ಹಂಡೆ ಹಣ್ಣನ್ನು ಕೈಯಿಂದಲೇ ಹಿಸುಕಿ ಬಟ್ಟೆ ಮುಚ್ಚಿಟ್ಟೆ. ಸಿಪ್ಪೆಯ ಮೇಲಿರುವ ಯೀಸ್ಟಿನಿಂದಲೇ ಅದು ಹುದುಗಬೇಕು. ಹಾಲಿಗೆ ಹೆಪ್ಪು ಹಾಕಿದಂತೆ ಅದನ್ನೇ ಉಳಿದ ರಸಕ್ಕೆಲ್ಲ ಹಾಕಬೇಕು. ಪ್ಯಾಕೆಟ್ಟಿನದು ಬೇಡ — ಇದು ನಿನ್ನ ಹಟ. ಹಿಂದಿನ ವರ್ಷಗಳಲ್ಲಿ ಹಂಡೆ ನೊರೆಯೆದ್ದು ಗುಳುಗುಳು ಅನ್ನುತ್ತಿತ್ತು. ಈ ಸಲ ಮಿಸುಕಲಿಲ್ಲ. ನೀನು ಮತ್ತೆ ಹಣ್ಣು ಹಿಸುಕಿದೆ. ಆಗಲೂ ಇಲ್ಲ. ಕೊನೆಗೆ ಟ್ಯಾಂಕಿನ ರಸವೆಲ್ಲ ಕೆಟ್ಟು ನಾತ ಹೊಡೆಯಿತು.

ಹಂಡೆ ನೋಡಿದಾಗಲೇ ನನಗೆ ತಿಳಿದಿತ್ತು. ರೋಗವನ್ನು ಕೊಂದ ಔಷಧಿ ಯೀಸ್ಟನ್ನು ಬಿಟ್ಟೀತೇ?

ಅಂಗಳದಲ್ಲಿ ಎಲ್ಲರೂ ಸೇರಿದ್ದರು — ಕೂಲಿಯವರು, ಅನಗೋಳದಿಂದ ಬಂದಿದ್ದ ನನ್ನ ಅಕ್ಕ, ನೀನು. ಬಸವರಾಜ ನನ್ನನ್ನೇ ಕೇಳಿದ, "ಯಾಕ ಹಿಂಗಾತು ಅಪ್ಪಾ?" ಬಾಯಿ ತೆರೆದೆ. ನಿಜ ಹೇಳಲೆಂದೇ ತೆರೆದೆನೋ ಏನೋ... ಬಂದದ್ದು ಇದು:

"ಕೈಗುಣ ಅಂತ ಒಂದ್ ಇರತೈತಿ ನೋಡಪಾ. ಎಲ್ಲಾರ ಕೈಯಾಗ ಬರಂಗಿಲ್ಲ ಅದು."

"ಖರೇ," ಎಂದಳು ಅಕ್ಕ, "ನಮ್ಮವ್ವ ಹಾಕಿದ ಉಪ್ಪಿನಕಾಯಿ ಎಂದಾರ ಕೆಟ್ಟಿತ್ತೇನು?"

ನೀನು ಸೆರಗಿಗೆ ಕೈ ಒರೆಸಿಕೊಂಡೆ. ಒರೆಸಿಕೊಳ್ಳುತ್ತಲೇ ಇದ್ದೆ.

ಮರುವರ್ಷ ಬಸವರಾಜ ಪ್ಯಾಕೆಟ್ ಯೀಸ್ಟ್ ತಂದು ಹಾಕಿದ, ರಸ ಉಕ್ಕಿತು. ನನ್ನ ಮಾತಿಗೆ ಸಾಕ್ಷಿ ಸಿಕ್ಕಂತಾಯಿತು. ನೀನು ಮತ್ತೆ ಟ್ಯಾಂಕುಗಳ ಬಳಿ ಬರಲಿಲ್ಲ. ಅತಿಥಿಗಳಿಗೆ ಗ್ಲಾಸು ಜೋಡಿಸುತ್ತ ಹೊರಗೇ ಉಳಿದೆ. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವುದನ್ನೂ ಕೆಲಸದವಳಿಗೆ ಬಿಟ್ಟೆ. ಅದನ್ನು ನಾನು ದಿನವೂ ನೋಡಿದೆ. ಮೊಸರು ಕಲಸಿ ಉಂಡೆ.

ನಾನು ಯಾಕೆ ಸುಮ್ಮನಿದ್ದೆ? ವಿಷ ಮುಟ್ಟದ ತೋಟವೆಂಬ ಹೆಸರು ಹೋಗುತ್ತದೆ, ಮನೆತನಕ್ಕಾಗಿ ಸುಮ್ಮನಿರಬೇಕು ಎಂದುಕೊಳ್ಳುತ್ತಿದ್ದೆ. ಅದಲ್ಲ. ಆ ದಿನ ಅಂಗಳದಲ್ಲಿ ಯಾರಾದರೂ ಒಬ್ಬರು ತಲೆ ತಗ್ಗಿಸಬೇಕಿತ್ತು. ನನಗೆ ಅದು ಬೇಡವಾಗಿತ್ತು. ನೀನು ತಗ್ಗಿಸಿದೆ.

ಈ ಕೊಯ್ಲಿನಲ್ಲಿ ನಿನ್ನ ಮಗಳು ಅನು ಹಣ್ಣಿನ ಬುಟ್ಟಿಗೆ ಕೈ ಹಾಕಹೋದಳು. ನೀನು ಅವಳ ಕೈ ಹಿಡಿದು ಎಳೆದೆ. "ಬ್ಯಾಡವ್ವಾ, ಮುಟ್ಟಬ್ಯಾಡ. ನಿನಗೂ ನಂದ ಕೈ ಬಂದಿದ್ರ ಏನ್ ಮಾಡೂಣು?" ನಗುತ್ತಲೇ ಹೇಳಿದೆ. ಅನು ನಗಲಿಲ್ಲ. ತನ್ನ ಅಂಗೈಯನ್ನು ಮಗುಚಿ ಮಗುಚಿ ನೋಡಿಕೊಂಡಳು.

ಬಸವರಾಜನಿಗೆ ನಿನ್ನೆ ನಾನೇ ಹೇಳಿದೆ. ಎದ್ದುಹೋದ. ಅಕ್ಕ ತೀರಿಕೊಂಡಳು, ಅವಳ ಮನಸ್ಸಿನಲ್ಲಿ ನೀನು ತಪ್ಪಿತಸ್ಥೆಯಾಗಿಯೇ ಉಳಿದೆ, ಅದನ್ನು ಇನ್ನು ನಾನು ತಿದ್ದಲಾರೆ. ಉಳಿದವರನ್ನು ಭಾನುವಾರ ಕರೆದಿದ್ದೇನೆ. ಅನುವನ್ನು ಎದುರಿಗೆ ಕೂರಿಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಅವರಿಗಿಂತ ಮೊದಲು ನಿನಗೆ ತಿಳಿಯಬೇಕೆಂದು ಇದನ್ನು ಬರೆದೆ.

ಕ್ಷಮಿಸು ಎಂದು ಕೇಳುವುದಿಲ್ಲ ತಾಯಿ. ಕೇಳಿದರೆ ನೀನು "ಬಿಡ್ರಿ ಮಾವಾರ" ಎಂದುಬಿಡುತ್ತೀ. ಅಷ್ಟು ಸುಲಭವಾಗಿ ನನ್ನನ್ನು ಬಿಡಬೇಡ.