ಕಾಯಿ ಅಲುಗಿಸುತ್ತಿದ್ದ ಮೇಷ್ಟ್ರು

ತೆಂಗಿನಕಾಯಿ ಕೈಗೆ ಸಿಕ್ಕರೆ ಸಾಕು, ರುದ್ರಪ್ಪ ಮೇಷ್ಟ್ರು ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದರು. ವರ್ಷವಿಡೀ ಅಟ್ಟದಲ್ಲಿಟ್ಟ ಕಾಯಿ ಒಳಗೇ ಒಣಗಿ, ಚಿಪ್ಪು ಬಿಟ್ಟು ಲೊಟಲೊಟ ಅಂದರೆ ಕೊಬ್ಬರಿಯಾಯಿತೆಂದು ಲೆಕ್ಕ. "ಸದ್ದು ಬರೋಗಂಟ ಸುಲೀಬಾರ್ದು ಕಣ್ರಯ್ಯಾ, ಕಾಯಿನೂ ಅಷ್ಟೇ, ಮಾತೂ ಅಷ್ಟೇ" ಎನ್ನುತ್ತಿದ್ದರು. ತಿಪಟೂರಿನ ಕಾಲೇಜಿನಲ್ಲಿ ನನಗೆ ಅರ್ಥಶಾಸ್ತ್ರ ಕಲಿಸಿದವರು ಅವರೇ. ಆಮೇಲೆ ನಾನೂ ಅಲ್ಲೇ ಮೇಷ್ಟ್ರಾದೆ.

ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದವಲ್ಲ, ಆಗ ಅವರು ಪೇಪರನ್ನು ಕೆಳಗಿಟ್ಟಿದ್ದೇ ಕಡಿಮೆ. ಬಡ್ಡಿಯನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿದರೂ ವ್ಯಾಪಾರ ಚಿಗುರದೆ, ಅಲ್ಲಿನ ಕೇಂದ್ರ ಬ್ಯಾಂಕು ಹೊಸದಾಗಿ ಹಣ ಹುಟ್ಟಿಸಿ ಸಾಲಪತ್ರ ಕೊಳ್ಳತೊಡಗಿತ್ತು. ಮೇಷ್ಟ್ರಿಗೆ ಮೈಮೇಲೆ ದೇವರು ಬಂದ ಹಾಗಾಯಿತು.

ಅದೇ ಹೊತ್ತಿಗೆ ಕಂದಿಕೆರೆಯ ಅವರ ಅಕ್ಕ ಗಂಗಮ್ಮ ಕಣ್ಣಿನ ಆಪರೇಷನ್ನಿಗೆಂದು ಕೊಬ್ಬರಿ ಮಾರಲು ಹೊರಟಿದ್ದರು. ಕಣ್ಣಿನೊಳಗೆ ಒತ್ತಡ ಏರಿದೆ, ತಡ ಮಾಡಬೇಡಿ ಎಂದಿದ್ದರು ಡಾಕ್ಟರು. ತಮ್ಮನ ದುಡ್ಡು ಮುಟ್ಟುವ ಹೆಂಗಸಲ್ಲ ಆಕೆ. ಮೇಷ್ಟ್ರು ನನ್ನನ್ನೂ ಕರೆದುಕೊಂಡು ಕಂದಿಕೆರೆಗೆ ಓಡಿದರು.

"ಎಲ್ಡು ತಿಂಗ್ಳು ತಡಿಯಕ್ಕ. ಅಷ್ಟು ದುಡ್ಡು ಹುಟ್ಟಿದ್ಮೇಲೆ ಎಲ್ಲಾದ್ರ ಬೆಲೆನೂ ಏರ್ಲೇಬೇಕು."

"ಕಣ್ಣು ಕಾಯ್ತದೇನೋ?"

"ಇನ್ನೂ ಕಾಣ್ತಾ ಐತಲ್ಲಕ್ಕ."

"ಓದಿದೋನು ನೀನು. ಅಂಗೇ ಆಗ್ಲಿ ಬುಡು."

ನಾನೂ ತಲೆಯಾಡಿಸಿದೆ. ಈ ಪಾಪದಲ್ಲಿ ನನಗೂ ಪಾಲಿದೆ.

ಹುಟ್ಟಿದ ಹಣ ಅಲ್ಲಿಯ ಬ್ಯಾಂಕುಗಳಲ್ಲೇ ಕೂತಿತು. ತಿಪಟೂರಿನ ಹರಾಜಿನಲ್ಲಿ ಕೊಬ್ಬರಿ ಬೆಲೆ ಮೇಲೇಳಲಿಲ್ಲ. ಎರಡು ತಿಂಗಳು ಆರಾಯಿತು. ಮಳೆಗಾಲದ ಥಂಡಿಗೆ ಅಟ್ಟದ ಕೊಬ್ಬರಿ ಮುಗ್ಗಿತು. ಒಡೆದರೆ ಅರ್ಧಕ್ಕರ್ಧ ಕಪ್ಪು. ಅಷ್ಟರಲ್ಲಿ ಗಂಗಮ್ಮನಿಗೆ ಬಾಗಿಲು ಯಾವುದು, ಗೋಡೆ ಯಾವುದು ತಿಳಿಯದಾಗಿತ್ತು. ಮೇಷ್ಟ್ರು ಅಕ್ಕನ ಮಾತು ಕೇಳದೆ ತಮ್ಮ ದುಡ್ಡಿನಲ್ಲೇ ಬೆಂಗಳೂರಿಗೆ ಕರೆದೊಯ್ದರು. ಹೋದ ದೃಷ್ಟಿ ಮರಳುವುದಿಲ್ಲವೆಂದು ಅಲ್ಲಿ ಹೇಳಿ ಕಳಿಸಿದರು.

ಆಮೇಲೆ ಅವರು ಕಾಯಿ ಅಲುಗಿಸಿದ್ದನ್ನು ನಾನು ಕಾಣೆ. ಅಕ್ಕನನ್ನು ತಮ್ಮ ಮನೆಗೇ ತಂದಿಟ್ಟುಕೊಂಡು, ದಿನಾ ಪೇಪರ್ ಓದಿ ಹೇಳುತ್ತಿದ್ದರು. ಮೇಷ್ಟ್ರು ತೀರಿಕೊಳ್ಳುವ ಒಂದು ತಿಂಗಳ ಮೊದಲು ನಾನು ಹೋದಾಗಲೂ ಜಗುಲಿಯಲ್ಲಿ ಅದೇ ನಡೆದಿತ್ತು. ಮಳೆ, ಸಾವು, ಕಳ್ಳತನ ಎಲ್ಲ ಓದಿ ಮುಗಿಸಿದರು.

"ಆ ಅಮೆರಿಕದೋರ ಬ್ಯಾಂಕಿನ ಸುದ್ದಿ ಏನಾಯ್ತೋ ತಮ್ಮಾ?" ಎಂದರು ಗಂಗಮ್ಮ. ದನಿಯಲ್ಲಿ ಕೊಂಕಿರಲಿಲ್ಲ.

"ಇವತ್ತು ಬರ್ದಿಲ್ಲ ಕಣಕ್ಕ."

ಅಲ್ಲಿನ ಕೇಂದ್ರ ಬ್ಯಾಂಕು ಇನ್ನಷ್ಟು ಸಾಲಪತ್ರ ಕೊಳ್ಳುವ ಸುದ್ದಿ ಪೇಪರಿನಲ್ಲಿ ದಪ್ಪಕ್ಷರದಲ್ಲಿತ್ತು. ಮೇಷ್ಟ್ರು ಅದನ್ನು ಅಂಗೈಯಿಂದ ಮುಚ್ಚಿಕೊಂಡು ಕೂತಿದ್ದರು.

"ಬೆಲೆ ಏರ್ತದೆ ಬುಡು," ಎಂದು ಗಂಗಮ್ಮ ಅವರ ತೋಳು ತಡವಿದರು, "ನೀನೇಳಿದ್ಮೇಲೆ."