ಕಾಯಂ ಕುರ್ಚಿ

ತಾರ್ನಾಕದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಟೈಪಿಸ್ಟ್ ಮಾಮಾ ಸುಮ್ಮನೆ ಕೂತಾಗಲೂ ಅವರ ಹತ್ತು ಬೆರಳು ಮೊಣಕಾಲಿನ ಮೇಲೆ ಟೈಪು ಮಾಡುತ್ತಲೇ ಇರುತ್ತಿದ್ದವು. ಬಲಗೈಯ ಕಿರುಬೆರಳು ಡೊಂಕು. ಸಾಲು ಮುಗಿದಾಗೊಮ್ಮೆ ಅದು ಸೆಟೆದು ನಿಲ್ಲುತ್ತಿತ್ತು. ಏನು ಟೈಪು ಮಾಡುತ್ತಾರೆಂದು ನನಗೆ ಬಹಳ ದಿನ ಗೊತ್ತಿರಲಿಲ್ಲ.

ಕಲಬುರಗಿ ಕಡೆಯವರು. ನ್ಯೂಯಾರ್ಕಿನಲ್ಲಿರುವ ನಮ್ಮ ದೇಶದ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಭಾರತಕ್ಕೊಂದು ಕಾಯಂ ಸ್ಥಾನ ಬೇಕು, ಬೆಂಬಲ ಕೊಡಿ ಎಂದು ದೇಶದೇಶಗಳನ್ನು ಕೇಳುವ ಪತ್ರಗಳು ಆ ಬೆರಳುಗಳಿಂದಲೇ ಹೊರಟವಂತೆ. ಮಾಮಾ ಅದನ್ನು 'ಕಾಯಂ ಕುರ್ಚಿ' ಎನ್ನುತ್ತಿದ್ದರು. ಅವರ ಮನೆಗೆ ಯಾರೇ ಬರಲಿ, ಹೆಸರು ಕೇಳುವ ಮೊದಲೇ "ಕುಂದರ್ರಿ". ಎದುರಿನ ಅಪಾರ್ಟ್‌ಮೆಂಟ್ ಕಟ್ಟಲು ಯಾದಗಿರಿಯಿಂದ ಬಂದ ಕೂಲಿಯವರು ನೀರು ಕೇಳಿದರೂ ಸಿಮೆಂಟಿನ ಮೈಯಲ್ಲೇ ಕುರ್ಚಿ ಏರಬೇಕು. ನೆಲದ ಮೇಲೆ ಕೂತರೆ ಮಾಮಾಗೆ ಸಿಟ್ಟು. ಇದೆಂಥ ಹುಚ್ಚು ಎಂದು ನಾನು ನಗುತ್ತಿದ್ದೆ.

ನಾನಾಗ ಅಮೀರ್‌ಪೇಟ್‌ನಲ್ಲಿ ಕಂಪ್ಯೂಟರಿನ ಜಾವಾ ಕಲಿಯುತ್ತಿದ್ದೆ. ನನ್ನ ನೌಕರಿ ಅರ್ಜಿಗಳ ಇಂಗ್ಲಿಷ್ ತಿದ್ದುತ್ತಿದ್ದವರು ಅವರೇ. ಹೆಸರು ಬಂದಲ್ಲಿ ಮಾತ್ರ ಮೂರು ಸಲ ಓದುವರು. "ಬ್ಯಾರೇದು ತಪ್ಪಿದ್ರ ತಪ್ಪಲಿ, ಹೆಸರು ತಪ್ಪಬಾರದವಾ," ಎಂದರು ಒಂದು ದಿನ. ಯಾಕೆ ಮಾಮಾ ಎಂದೆ. ಬೆರಳುಗಳು ನಿಂತವು.

ಒಂದು ಸಣ್ಣ ದ್ವೀಪದೇಶಕ್ಕೆ ಹೋದ ಪತ್ರದಲ್ಲಿ ಮಾಮಾ ಪಕ್ಕದ ದ್ವೀಪದ ಹೆಸರು ಟೈಪು ಮಾಡಿದ್ದರಂತೆ. ಆ ದೇಶದ ಪ್ರತಿನಿಧಿ, ವಯಸ್ಸಾದ ಮನುಷ್ಯ, ಪತ್ರ ಹಿಡಿದು ತಾವೇ ಕಚೇರಿಗೆ ಬಂದರಂತೆ.

"ಕುಂದರ್ರಿ ಅಂತ ಕುರ್ಚಿ ತೋರಿಸಿ ಒಳಗ ಹೋದೆ. ಸಾಹೇಬ್ರು ಬ್ಯಾರೆ ಕೆಲಸ ಹಚ್ಚಿದ್ರು. ಮರತೇಬಿಟ್ಟೆ. ಮಧ್ಯಾಹ್ನ ಹೊರಗ ಬಂದು ನೋಡ್ತೀನಿ, ಕುರ್ಚಿ ಖಾಲಿ. ಅದರ ಮ್ಯಾಲ ಪತ್ರ ಐತಿ. ತಪ್ಪು ಹೆಸರು ಪೆನ್ಸಿಲ್‌ಲೆ ಹೊಡದು ತಮ್ಮ ದೇಶದ ಹೆಸರು ಬರದಾರ."

ಮಾಮಾ ಆ ಪತ್ರವನ್ನು ಜೇಬಿಗಿಳಿಸಿದರಂತೆ. ಯಾರಿಗೂ ಹೇಳಲಿಲ್ಲ. "ಜಗತ್ತಿನ ಮುಂದ ಕುರ್ಚಿ ಕೇಳಾಕ ಹೊಂಟವ್ರು ನಾವು. ಬಂದವ್ರನ್ನ ಕುಂದರಿಸಿ ಮರತೆ ನಾ."

ಅಷ್ಟು ವರ್ಷ ಆ ಬೆರಳುಗಳು ಟೈಪು ಮಾಡುತ್ತಿದ್ದುದು ಆ ಪ್ರತಿನಿಧಿಯ ದೇಶದ ಹೆಸರನ್ನೇ.

ಆ ದೇಶಕ್ಕೆ ಕ್ಷಮೆ ಕೇಳಿ ಬರೆಯಿರಿ, ಇಂಟರ್ನೆಟ್ಟಿನಲ್ಲಿ ವಿಳಾಸ ಹುಡುಕಿ ನಾನು ಕಳಿಸುತ್ತೇನೆ ಎಂದೆ. ಬರೆಯಲು ಅವರಿಗೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ನಾನು ಗಾಜಿನ ಕಟ್ಟಡವೊಂದರಲ್ಲಿ ನೌಕರಿ ಹಿಡಿದು ಊರಿನ ಇನ್ನೊಂದು ತುದಿಯ ಕೂಕಟ್‌ಪಲ್ಲಿಗೆ ಮನೆ ಬದಲಿಸಿದ್ದೆ. ಒಂದು ಬೆಳಗ್ಗೆ ರಿಸೆಪ್ಷನ್ನಿನ ಹುಡುಗಿ ಫೋನು ಮಾಡಿದಳು: ತಾರ್ನಾಕದಿಂದ ಯಾರೋ ಹಿರಿಯರು ಬಂದಿದ್ದಾರೆ, ಕೈಯಲ್ಲಿ ಪತ್ರವಿದೆ. ನನಗೆ ಅಮೆರಿಕದವರೊಡನೆ ಮೀಟಿಂಗು ನಡೆದಿತ್ತು. ಕೂರಲು ಹೇಳು, ಬಂದೆ ಎಂದೆ.

ಮರೆತೆ. ಊಟದ ಹೊತ್ತು ದಾಟಿದ ಮೇಲೆ ನೆನಪಾಗಿ ಕೆಳಗೆ ಓಡಿದರೆ ಕುರ್ಚಿ ಖಾಲಿ. ಅದರ ಮೇಲೆ ಲಕೋಟೆ. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: "ಕುರ್ಚಿ ಭಾಳ ಮೆತ್ತಗ ಐತಿ. ನೀ ಕೆಲಸ ಮಾಡವಾ."

ಭಾನುವಾರ ಹೋಗಿ ಕಾಲು ಹಿಡಿಯಬೇಕೆಂದುಕೊಂಡೆ. ಶನಿವಾರವೇ ಮಾಮಾ ತೀರಿಕೊಂಡರು.

ಹೆಸರನ್ನು ಮೂರು ಸಲ ಓದಿ ಪತ್ರ ಕಳಿಸಿದೆ. ಉತ್ತರ ಬರಲಿಲ್ಲ. ಈಗಲೂ ಟೀವಿಯಲ್ಲಿ ಕಾಯಂ ಸ್ಥಾನದ ಮಾತು ಬಂದಾಗಲೆಲ್ಲ ನನ್ನ ಬೆರಳುಗಳು ಮೊಣಕಾಲಿನ ಮೇಲೆ ಆಡತೊಡಗುತ್ತವೆ. ಅವು ಟೈಪು ಮಾಡುವುದು ಮಾಮಾನ ಹೆಸರು.