ಒಂದು ಸಾಲೂ ಕಳದಿಲ್ಲ

ವಿಜಯಪುರದ ಒಣದ್ರಾಕ್ಷಿ ಕಂಪನಿಯ ಕಂಪ್ಯೂಟರ್ ಸಾಹೇಬ ಸಂಗನಬಸವನಿಗೆ ಮನುಷ್ಯರ ಮಾತಿಗಿಂತ ಸರ್ವರುಗಳು ಸಾಲುಸಾಲಾಗಿ ಬರೆದಿಡುವ ದಿನಚರಿ, ಅಂದರೆ ಲಾಗ್‌ನ ಮೇಲೆ ಭರವಸೆ ಜಾಸ್ತಿ. ನಗರ, ತಿಕೋಟಾ, ಬಬಲೇಶ್ವರದ ಕೋಲ್ಡ್ ಸ್ಟೋರೇಜುಗಳ ಸರ್ವರುಗಳು ತಮ್ಮ ಪಾಡನ್ನೆಲ್ಲ ಫೈಲ್ ಸಿಸ್ಟಮ್ ಎಂಬ, ಎಲ್ಲಕ್ಕೂ ಸೇರಿದ ಒಂದೇ ಕಡತದ ಉಗ್ರಾಣಕ್ಕೆ ಬರೆಯುತ್ತವೆ; ಅದು ಪ್ರತಿ ಸಾಲನ್ನೂ ಮೂರೂ ಊರುಗಳಲ್ಲಿ ಜೋಪಾನ ಮಾಡುತ್ತದೆ. ಒಂದರ ಫೈಲಿನಲ್ಲಿ ಇನ್ನೊಂದು ಬಾಯಿ ಹಾಕುವಂತಿಲ್ಲ. ಅದೇ ಕಾನೂನು ಮನೆಗೂ ಬಂತು: ಹೆಂಡತಿ, ಮಗಳು ಒಟ್ಟಿಗೆ ಮಾತಾಡಿದರೆ, "ಒಬ್ಬೊಬ್ಬರ ಹೇಳ್ರಿ, ಸಾಲು ಕಲಬೆರಿಕಿ ಆಗತಾವ!" ಎನ್ನುತ್ತಾನೆ. ಕೆಲಸಕ್ಕೆ ಬಂದ ಹೊಸಬರಿಗೆ ಅವನ ಉಪದೇಶ ಒಂದೇ: "ಒದರೋ ಸರ್ವರಿಗೆ ಅಂಜಬ್ಯಾಡ್ರಿ, ಸುಮ್ಮನಾದದ್ದಕ್ಕ ಅಂಜ್ರಿ." ಆದರೆ ಬರೆಸಿಟ್ಟದ್ದನ್ನು ಓದುವುದು ಮಾತ್ರ ಅವನ ಅಂತಸ್ತಿಗೆ ಕಡಿಮೆ. 'ಕೋಣೆ ಬಿಸಿಯಾಗುತ್ತಿದೆ' ಎಂದು ತಿಕೋಟಾದ ಸರ್ವರ್ ವಾರವಿಡೀ ಬರೆದು ಬರೆದು ಕೊನೆಗೆ ದ್ರಾಕ್ಷಿಯೆಲ್ಲ ಕಪ್ಪಾದಾಗ, ಮಾಲಕ ಸಿದ್ದರಾಮರ ಮುಂದೆ ಎದೆಯುಬ್ಬಿಸಿ, "ನೋಡ್ರಿ ಧಣ್ಯಾರ, ಒಂದು ಸಾಲೂ ಕಳದಿಲ್ಲ!" ಎಂದ. ಹೆಂಡತಿ ನೇತ್ರಾ ಎದೆನೋವೆಂದು ದಿನಾ ಹೇಳುತ್ತಿದ್ದಳು. "ಸೋಮವಾರ ಹೇಳಿದ್ದಿ, ಬುಧವಾರಾನೂ ಹೇಳಿದ್ದಿ, ಎಲ್ಲಾ ನೆನಪೈತಿ" ಎನ್ನುತ್ತಿದ್ದ. ದವಾಖಾನೆಗೆ ಮಾತ್ರ ಕರೆದೊಯ್ಯಲಿಲ್ಲ. ಈಚೆಗೆ ನೇತ್ರಾ ಹೇಳುವುದನ್ನೇ ಬಿಟ್ಟಿದ್ದಾಳೆ. "ಈಗ ಮನ್ಯಾಗ ಭಾಳ ಶಾಂತ ಐತಿ ನೋಡ್ರಿ" ಎಂದು ಸಂಗನಬಸವ ಚಹಾದಂಗಡಿಯಲ್ಲಿ ಎಲ್ಲರಿಗೂ ಖುಷಿಯಿಂದ ಹೇಳುತ್ತಾನೆ.